ಹಾಡಿಯಿಂದ ಬಂದ ಹುಡುಗಿ ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ದಕ್ಷಿಣ ಕೊಡಗಿನ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಇತಿಹಾಸ ಪಾಠ ಮಾಡುತ್ತೇನೆ. ಈ ವರ್ಷ ಪ್ರಥಮ ಬಿ.ಎ.ಗೆ ಬುಡಕಟ್ಟು ಜನರ ಹಾಡಿಗಳಿಂದ, ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಏಳು ಮಂದಿ ಸೇರಿದ್ದರು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಮೂವರು ಬರುವುದನ್ನು ಬಿಟ್ಟರು. ಉಳಿದವರಲ್ಲಿ ಎರವ ಸಮುದಾಯದ ಒಬ್ಬ ಹುಡುಗಿಯಿದ್ದಾಳೆ. ಅವಳ ಹಾಡಿಯಲ್ಲಿ ಪಿಯುಸಿ ದಾಟಿದವಳು ಅವಳೇ ಮೊದಲು. ದಿನಾ ಬರುತ್ತಾಳೆ, ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ, ಹಾಜರಿಗೆ ಕೈ ಎತ್ತುವುದು ಬಿಟ್ಟರೆ ಬಾಯಿ ಬಿಡುವುದಿಲ್ಲ. ಮೊದಲ ಇಂಟರ್ನಲ್ಸ್‌ನಲ್ಲಿ ಅರ್ಧ ಉತ್ತರಪತ್ರಿಕೆ ಖಾಲಿ. ಕರೆದು ಕೇಳಿದ್ದಕ್ಕೆ ‘ನನ್ಗೆ ಆಗಲ್ಲ ಸಾರ್, ಕಾಫಿ ಕುಯ್ಯಕ್ ಹೋಗ್ತೀನಿ’ ಅಂದಳು. ‘ಕಾಫಿ ಶುರುವಾದ್ರೆ ಅವ್ರು ಯಾರೂ ನಿಲ್ಲಲ್ಲ, ಓದೋ ಆಸಕ್ತಿಯಿಲ್ಲ, ಸರ್ಕಾರ ಎಲ್ಲಾ ಫ್ರೀ ಕೊಟ್ರೂ ಇಷ್ಟೇ’ ಎನ್ನುತ್ತಾರೆ ಸಹೋದ್ಯೋಗಿಗಳು. ಸಂಜೆ ನಾಲ್ಕರ ನಂತರ ಇವರಿಗಷ್ಟೇ ವಿಶೇಷ ತರಗತಿ ಮಾಡಲೇ? ಮನೆಗೆ ಹೋಗಿ ಮಾತಾಡಲೇ? ಹೀಗೆ ಬೇರೆಯಾಗಿ ನೋಡಿದರೆ ಅವಳಿಗೆ ಇನ್ನಷ್ಟು ಮುಜುಗರವಾಗುತ್ತದೆಯೇ? ಬಿಟ್ಟುಹೋದ ಮೂವರನ್ನು ಮತ್ತೆ ಕರೆತರಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಒಟ್ಟಿಗೇ ಇವೆ. ಸುಮ್ಮನಿದ್ದರೆ ಹುಡುಗಿ ಕೈತಪ್ಪಿ ಹೋಗುತ್ತಾಳೆ, ಮುಂದೆ ಬಿದ್ದು ಏನಾದರೂ ಮಾಡಿದರೆ ಅವಳಿಗೆ ಅವಮಾನವಾದೀತು. ಎರಡನೆಯ ಭಯವೂ ನಿಮಗಿದೆ ಎನ್ನುವುದು ಒಳ್ಳೆಯದು. ಹಾಸ್ಟೆಲ್‌ಗಳಲ್ಲಿ, ಕಾಲೇಜುಗಳಲ್ಲಿ ಆಪ್ತಸಮಾಲೋಚನೆ ಮಾಡಿಕೊಂಡು ಬಂದ ನಾನು ನೋಡಿದ ಹಾಗೆ, ಒಳ್ಳೆಯ ಮನಸ್ಸಿನ ಮೇಷ್ಟ್ರುಗಳು ಎಡವುವುದು ಹೆಚ್ಚಾಗಿ ಅಲ್ಲೇ.

ಮೊದಲು ನಿಮ್ಮ ಸಹೋದ್ಯೋಗಿಗಳ ಮಾತು. ಕಾಫಿ ಶುರುವಾದರೆ ನಿಲ್ಲುವುದಿಲ್ಲ ಎನ್ನುತ್ತಾರೆ, ಸರಿ. ಆದರೆ ಆ ಮೂವರು ಬಿಟ್ಟದ್ದು ಸೆಪ್ಟೆಂಬರ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಯಾವ ತೋಟದಲ್ಲಿ ಹಣ್ಣು ಕುಯ್ಯುತ್ತಾರೆ? ಅರೇಬಿಕಾ ನವೆಂಬರ್ ಹೊತ್ತಿಗೆ, ನಿಮ್ಮ ಕಡೆ ಹೆಚ್ಚಾಗಿರುವ ರೊಬಸ್ಟಾ ಜನವರಿಯಿಂದ ಮಾರ್ಚ್ ತನಕ. ಮಳೆ ಇನ್ನೂ ಪೂರ್ತಿ ಬಿಡದ, ದೊಡ್ಡ ಕೂಲಿಯಿಲ್ಲದ, ಮನೆಯಲ್ಲಿ ಕಾಸು ಓಡಾಡದ ತಿಂಗಳಲ್ಲಿ ಅವರು ಬಿಟ್ಟಿದ್ದಾರೆ. ಅಂದ ಮೇಲೆ ಕಾಫಿ ಅವರನ್ನು ಎಳೆದುಕೊಂಡು ಹೋಗಿಲ್ಲ. ಕಾಲೇಜು ಆಗಲೇ ಅವರ ಕೈ ಬಿಟ್ಟಿತ್ತು. ಕಾಫಿ ಆಮೇಲೆ ಹೇಳಿಕೊಳ್ಳಲು ಸಿಗುವ ಮರ್ಯಾದೆಯ ಕಾರಣ. ನಿಮ್ಮ ಹುಡುಗಿಯೂ ಅದನ್ನೇ ಹೇಳುತ್ತಿದ್ದಾಳೆ. ತೋಟದ ಕೆಲಸ ಅವಳಿಗೆ ಗೊತ್ತು, ಅಲ್ಲಿ ಅವಳು ಯಾರಿಗೂ ಕಡಿಮೆಯಿಲ್ಲ, ಸಂಜೆ ಚೀಲ ತೂಕಕ್ಕೆ ಹಾಕಿದರೆ ಎಷ್ಟು ದುಡಿದೆ ಎಂದು ಕಣ್ಣಿಗೆ ಕಾಣುತ್ತದೆ. ನಿಮ್ಮ ತರಗತಿಯಲ್ಲಿ ಈ ಮೂರೂ ಅವಳಿಗೆ ಸಿಕ್ಕಿಲ್ಲ.

ಆಸಕ್ತಿಯಿಲ್ಲ ಎನ್ನುವ ಮಾತಿಗೆ ಹೆಚ್ಚು ಉತ್ತರ ಬೇಡ. ಜೂನ್ ಜುಲೈ ಮಳೆಯಲ್ಲಿ, ಆನೆ ಓಡಾಡುವ ತೋಟದ ರಸ್ತೆಯಲ್ಲಿ ನಡೆದು ಬಸ್ಸು ಹಿಡಿದು ದಿನಾ ಬರುವವಳಿಗೆ ಆಸಕ್ತಿಯಿಲ್ಲ ಎನ್ನುವವರನ್ನು ಒಂದು ವಾರ ಅದೇ ದಾರಿಯಲ್ಲಿ ಓಡಾಡಿಸಬೇಕು.

‘ಎಲ್ಲಾ ಫ್ರೀ’ ಎನ್ನುವುದನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಮಕ್ಕಳು ಜಾರುವುದು ಇಲ್ಲೇ. ಸೌಲಭ್ಯ ಕಾಗದದ ಮೇಲಿದೆ, ನಿಜ. ಪರಿಶಿಷ್ಟ ಪಂಗಡದ ವಿದ್ಯಾರ್ಥಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ, ಹಾಸ್ಟೆಲ್ ಇದೆ. ಆದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಂತ್ರಾಂಶದಲ್ಲಿ ಅರ್ಜಿ ಹಾಕಲು ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಅದಕ್ಕೆ ನಾಡಕಚೇರಿ ಸುತ್ತಬೇಕು. ದಾಖಲೆಗಳಿಗೆ ಇ-ದೃಢೀಕರಣ ಆಗಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಸಾಲದು, ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು ಗುರುತಿಸುವ ಎನ್‌ಪಿಸಿಐ ಮ್ಯಾಪಿಂಗೂ ಆಗಿರಬೇಕು. ಇಷ್ಟರಲ್ಲಿ ಎಲ್ಲಾದರೂ ಒಂದು ಕಡೆ ಹೆಸರು ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಹಾಡಿಯ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಒಂದು ಇನಿಷಿಯಲ್ ಸೇರಿಸಿರುತ್ತಾರೆ, ಅದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಬರುತ್ತದೆ. ಆಧಾರ್‌ನಲ್ಲಿ ಬರೀ ಹೆಸರು. ಅಪ್ಪನ ಹೆಸರು ಒಂದು ಕಡೆ ‘ಚುಬ್ರ’, ಇನ್ನೊಂದು ಕಡೆ ‘ಸುಬ್ರ’. ಪೇಟೆಯ ಹುಡುಗನ ಅಪ್ಪ ಒಂದು ದಿನ ರಜೆ ಹಾಕಿ ಇದನ್ನೆಲ್ಲ ಸರಿಪಡಿಸಿಬಿಡುತ್ತಾನೆ. ಇವಳ ಅಪ್ಪನಿಗೆ ಆ ಒಂದು ದಿನ ಎಂದರೆ ಒಂದು ದಿನದ ಕೂಲಿ, ಮೇಲೆ ಬಸ್ ಚಾರ್ಜು, ಕೊನೆಗೆ ಕೌಂಟರಿನಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’.

ಬಸ್ಸಿನ ಕಥೆಯೂ ಹಾಗೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಕೊಡಗಿನ ಒಳದಾರಿಗಳಲ್ಲಿ ಎಷ್ಟೋ ಕಡೆ ಬರುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಹಾಸ್ಟೆಲ್ ಆಯ್ಕೆ ಪಟ್ಟಿ ತರಗತಿ ಶುರುವಾಗಿ ವಾರಗಳಾದ ಮೇಲೆ ಬರುವುದೂ ಉಂಟು. ನಡುವಿನ ಆ ವಾರಗಳನ್ನು ಯಾರ ದುಡ್ಡಿನಲ್ಲಿ ದಾಟುವುದು? ಬಿಟ್ಟುಹೋದ ಮೂವರದ್ದು ಇದೇ ಕಥೆ ಇರಬಹುದು. ಅವರ ಮನಸ್ಸು ಹುಡುಕುವ ಮೊದಲು ಅವರ ಅರ್ಜಿ ಎಲ್ಲಿ ನಿಂತಿದೆ ನೋಡಿ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರಿಗಿದೆ. ಹಾಡಿಯ ಮಕ್ಕಳಿಗೆ ಮನೆ ಬಿಟ್ಟು ಅಭ್ಯಾಸವಿಲ್ಲ, ಅದಕ್ಕೇ ಕಾಲೇಜು ಕಷ್ಟ ಎಂದುಕೊಳ್ಳುತ್ತಾರೆ. ಇವರಲ್ಲಿ ಅನೇಕರು ಒಂದನೇ ತರಗತಿಯಿಂದಲೇ ಬುಡಕಟ್ಟು ಮಕ್ಕಳ ವಸತಿ ಶಾಲೆಯಾದ ಆಶ್ರಮ ಶಾಲೆಯಲ್ಲಿದ್ದವರು, ಮನೆ ಬಿಟ್ಟಿರುವುದರಲ್ಲಿ ನಮಗೆ ನಿಮಗಿಂತ ಪಳಗಿದವರು. ತೊಂದರೆ ಬೇರೆ. ಆಶ್ರಮ ಶಾಲೆಯಲ್ಲಿ ಏಳಲು, ಉಣ್ಣಲು, ಓದಲು, ಮಲಗಲು ಎಲ್ಲಕ್ಕೂ ಬೆಲ್ ಹೊಡೆಯುತ್ತಾರೆ. ಸುತ್ತಲೂ ತಮ್ಮಂಥದ್ದೇ ಮನೆಯಿಂದ ಬಂದ ಮಕ್ಕಳು. ಪದವಿ ಕಾಲೇಜಿಗೆ ಬಂದ ದಿನ ಎರಡೂ ಒಟ್ಟಿಗೇ ಹೋಗುತ್ತವೆ. ಬೆಲ್ ಹೊಡೆಯುವವರಿಲ್ಲ, ತನ್ನವರೂ ಇಲ್ಲ. ಇಂಟರ್ನಲ್ಸ್ ಅಂಕ ಫಲಿತಾಂಶಕ್ಕೆ ಸೇರುತ್ತದೆ, ಹಾಜರಿ ಕಡಿಮೆಯಾದರೆ ಹಾಲ್ ಟಿಕೆಟ್ ಬರುವುದಿಲ್ಲ, ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಪರೀಕ್ಷೆಗೆ ಅರ್ಜಿ ಹಾಕಬೇಕು, ಸ್ಟಾಫ್ ರೂಮಿಗೆ ಬಂದು ಅನುಮಾನ ಕೇಳಿದರೆ ಯಾರೂ ಬೈಯುವುದಿಲ್ಲ. ಇವನ್ನೆಲ್ಲ ಕಾಲೇಜು ಯಾರಿಗೂ ಹೇಳಿಕೊಡುವುದಿಲ್ಲ. ಉಳಿದವರಿಗೆ ಅಣ್ಣನೋ ಅಕ್ಕನೋ ಪಕ್ಕದ ಮನೆಯವರೋ ಹೇಳಿರುತ್ತಾರೆ. ಹಾಡಿಯ ಮೊದಲ ಪಿಯುಸಿ ಪಾಸಿಗೆ ಹೇಳುವವರು ಯಾರು?

ಭಾಷೆಯನ್ನೂ ಮರೆಯಬೇಡಿ. ಎರವ ಮನೆಯಲ್ಲಿ ಎರವ ಭಾಷೆ, ಜೇನುಕುರುಬರದ್ದು ಬೇರೆ, ಲೈನ್ ಮನೆಯಲ್ಲಿ ತಮಿಳೋ ಮಲಯಾಳವೋ ಇರಬಹುದು. ಕನ್ನಡವೇ ಇವರಿಗೆ ಕಲಿತ ಭಾಷೆ. ನೀವು ‘ಸಾಮ್ರಾಜ್ಯಶಾಹಿ ಆರ್ಥಿಕ ನೀತಿಯ ಪರಿಣಾಮಗಳನ್ನು ವಿಶ್ಲೇಷಿಸಿ’ ಎಂದು ಪ್ರಶ್ನೆ ಕೊಟ್ಟಾಗ ಖಾಲಿ ಉಳಿದ ಅರ್ಧ ಪುಟದಲ್ಲಿ ಎಷ್ಟು ಭಾಗ ಇತಿಹಾಸ ಗೊತ್ತಿಲ್ಲದ್ದು, ಎಷ್ಟು ಭಾಗ ಪ್ರಶ್ನೆ ಅರ್ಥವಾಗದ್ದು ಎಂದು ಒಮ್ಮೆ ಪರೀಕ್ಷಿಸಿ. ಅದೇ ಪ್ರಶ್ನೆಯನ್ನು ಆಡುಮಾತಿನಲ್ಲಿ ಬಾಯಲ್ಲಿ ಕೇಳಿ ನೋಡಿದರೆ ಸಾಕು. ಹಾಗೆಯೇ, ಪತ್ರದಲ್ಲಿ ಏಳು ಮಂದಿಯನ್ನೂ ಒಂದೇ ಗುಂಪಾಗಿ ಬರೆದಿದ್ದೀರಿ. ಅವರು ಒಬ್ಬರಿಗೊಬ್ಬರು ಹೊಸಬರೇ ಇರಬಹುದು. ಕೇಂದ್ರ ಸರ್ಕಾರ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವ ಜೇನುಕುರುಬರಿಗೆ ಇರುವ ಸೌಲಭ್ಯವೆಲ್ಲ ಎರವರಿಗೆ ಇಲ್ಲ. ಹಾಗಾಗಿ ಒಬ್ಬೊಬ್ಬರ ದಾಖಲೆಯನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬೇರೆಯಾಗಿ ನೋಡಿದರೆ ಮುಜುಗರವಾಗುತ್ತದೆಯೇ? ಆಗುತ್ತದೆ, ಮುಜುಗರದ ಜೊತೆಗೆ ಅಂಕವೂ ಕಡಿಮೆಯಾಗಬಹುದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಯ ಆರು, ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಬಿಡಿಸಲು ಕೊಟ್ಟರು. ಜಾತಿಯ ಮಾತೇ ಎತ್ತದಿದ್ದಾಗ ಮೇಲ್ಜಾತಿ, ಕೆಳಜಾತಿಯ ಹುಡುಗರು ಹೆಚ್ಚುಕಡಿಮೆ ಸಮನಾಗಿ ಬಿಡಿಸಿದರು. ಎಲ್ಲರೆದುರು ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು, ಜಾತಿ ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರ ಸಾಧನೆ ಬಿದ್ದುಹೋಯಿತು. 2006ರಲ್ಲಿ ಇದು ಅರ್ಥಶಾಸ್ತ್ರದ ದೊಡ್ಡ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಈ ಬಗೆಯ ಪ್ರಯೋಗಗಳ ಫಲಿತಾಂಶ ಎಲ್ಲ ಕಡೆ ಒಂದೇ ಬಲದಲ್ಲಿ ಬಂದಿಲ್ಲ ಎಂಬುದನ್ನೂ ಹೇಳಬೇಕು. ಆದರೂ ನಮ್ಮ ಕಾಲೇಜುಗಳಲ್ಲಿ ಪಾಠದ ಮಧ್ಯೆ ಅಟೆಂಡರ್ ಬಂದು ‘ಎಸ್‌ಸಿ-ಎಸ್‌ಟಿಯವರು ಎದ್ದು ನಿಲ್ಲಿ, ಸ್ಕಾಲರ್‌ಶಿಪ್ ಫಾರಂ’ ಎನ್ನುವುದನ್ನು, ಮೇಷ್ಟ್ರು ‘ತಂದೆಯ ಉದ್ಯೋಗ ಏನಮ್ಮ?’ ಎಂದು ಎಲ್ಲರೆದುರು ಕೇಳಿ ಬರೆದುಕೊಳ್ಳುವುದನ್ನು ನೋಡಿದಾಗೆಲ್ಲ ನನಗೆ ಆ ಪ್ರಯೋಗ ನೆನಪಾಗುತ್ತದೆ. ನಾವು ದಿನವೂ ಅದನ್ನೇ ಮಾಡುತ್ತಿದ್ದೇವೆ. ಇದನ್ನು ನಿಲ್ಲಿಸಲು ಯಾವ ಅನುದಾನವೂ ಬೇಡ. ನೋಟೀಸು ಎಲ್ಲರಿಗೂ ಓದಿ, ವಿವರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಸಂಜೆಯ ವಿಶೇಷ ತರಗತಿ ಬೇಡ. ನಾಲ್ಕರ ನಂತರ ಉಳಿಸಿಕೊಂಡರೆ ಅವಳ ಬಸ್ಸು ತಪ್ಪುತ್ತದೆ, ಕತ್ತಲೆಗೆ ತೋಟದ ದಾರಿ ನಡೆಯಬೇಕಾಗುತ್ತದೆ. ಆನೆಯ ಭಯ ನಿಮಗೂ ಗೊತ್ತಿದೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಇವರಿಗಷ್ಟೇ ತರಗತಿ ಎಂದರೆ ದಡ್ಡರ ತರಗತಿ ಎಂದು ಎರಡನೇ ದಿನಕ್ಕೇ ಹೆಸರು ಬೀಳುತ್ತದೆ.

ಬದಲಿಗೆ ಏನು ಮಾಡಬಹುದು? 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತದ ಮೇಷ್ಟ್ರಿಗೆ ನಿಮ್ಮದೇ ಪ್ರಶ್ನೆ ಬಂದಿತ್ತು. ಕಪ್ಪು ವಿದ್ಯಾರ್ಥಿಗಳು ಮೊದಲ ವರ್ಷದ ಕಲನಶಾಸ್ತ್ರದಲ್ಲಿ ಏಕೆ ಸಾಲುಸಾಲಾಗಿ ಫೇಲಾಗುತ್ತಾರೆ? ಸಹೋದ್ಯೋಗಿಗಳನ್ನು ಕೇಳಿದರೆ ಆಸಕ್ತಿಯಿಲ್ಲ, ಬುನಾದಿ ಗಟ್ಟಿಯಿಲ್ಲ, ಮನೆಯಲ್ಲಿ ಒತ್ತಾಸೆಯಿಲ್ಲ, ಬಡತನ ಎಂದರು. ಅಲ್ಲೂ ಅದೇ ಪಟ್ಟಿ! ಅವರು ಪಟ್ಟಿಯನ್ನು ನಂಬದೆ ವಿದ್ಯಾರ್ಥಿಗಳ ಹಿಂದೆ ಹೋಗಿ, ಅವರು ಹೇಗೆ ಓದುತ್ತಾರೆಂದು ತಿಂಗಳುಗಟ್ಟಲೆ ನೋಡಿದರು. ಕಪ್ಪು ವಿದ್ಯಾರ್ಥಿಗಳು ಮೈಮುರಿದು ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೆನ್ನಾಗಿ ಪಾಸಾಗುತ್ತಿದ್ದ ಚೀನಾ ಮೂಲದ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು, ಊಟದ ನಡುವೆಯೂ ಲೆಕ್ಕದ ಬಗ್ಗೆ ವಾದಿಸುತ್ತಿದ್ದರು. ಒಂಟಿಯಾಗಿ ಓದುವವನಿಗೆ ಉತ್ತರ ಬರದಿದ್ದರೆ ತಪ್ಪು ತನ್ನಲ್ಲೇ ಇದೆ ಎನಿಸುತ್ತದೆ. ಗುಂಪಿನಲ್ಲಿದ್ದವನಿಗೆ ಲೆಕ್ಕ ಕಷ್ಟವಿದೆ, ಎಲ್ಲರಿಗೂ ಕಷ್ಟವೇ ಎಂದು ಗೊತ್ತಾಗುತ್ತದೆ. ಟ್ರೈಸ್‌ಮನ್ ಶುರುಮಾಡಿದ್ದು ಹಿಂದುಳಿದವರ ತರಗತಿಯನ್ನಲ್ಲ. ಇನ್ನೂ ಕಠಿಣ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವ, ಸೇರುವುದೇ ಹೆಮ್ಮೆ ಎನಿಸುವಂಥ ಕೂಟ ಅದು. ಫಲಿತಾಂಶ ತಿರುಗಿತು.

ನಿಮ್ಮಲ್ಲಿ ಇದನ್ನು ಮಾಡುವುದು ಸುಲಭ. ಇಡೀ ತರಗತಿಯನ್ನು ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿ. ಹಾಡಿಯ ಮಕ್ಕಳಿಬ್ಬರು ಒಂದು ಗುಂಪಿನಲ್ಲಿರಲಿ. ಒಬ್ಬಳನ್ನೇ ಹಾಕಿದರೆ ಅಲ್ಲೂ ಒಂಟಿ, ಎಲ್ಲರನ್ನೂ ಒಂದೇ ಕಡೆ ಹಾಕಿದರೆ ಮತ್ತೆ ಅದೇ ಹಣೆಪಟ್ಟಿ. ಮಧ್ಯಾಹ್ನ ಊಟಕ್ಕೆ ಮೊದಲಿನ ಖಾಲಿ ಪೀರಿಯಡ್ಡಿನಲ್ಲಿ ವಾರಕ್ಕೆರಡು ಸಲ ಒಂದು ನಿಜವಾದ ಪ್ರಶ್ನೆ ಕೊಡಿ. ಕೊಡಗಿಗೆ ಕಾಫಿ ತೋಟ ಬಂದ ಮೇಲೆ ಕಾಡಿನ ಮೇಲಿನ ಹಕ್ಕು ಯಾರಿಂದ ಯಾರಿಗೆ ಹೋಯಿತು ಎಂದು ಕೇಳಿ ನೋಡಿ. ಪುಸ್ತಕದಲ್ಲಿ ಎರಡು ಸಾಲಿರುತ್ತದೆ. ಅವಳ ಅಜ್ಜಿಗೆ ಅದಕ್ಕಿಂತ ಹೆಚ್ಚು ಗೊತ್ತಿರಬಹುದು. ಆದರೆ ‘ನೀನು ಎರವರವಳಲ್ವಾ, ನೀನು ಹೇಳು’ ಎಂದು ಮಾತ್ರ ಕೈ ತೋರಿಸಬೇಡಿ. ಹೇಳಬೇಕು ಅನಿಸಿದರೆ ಅವಳೇ ಹೇಳುತ್ತಾಳೆ, ಮೊದಲು ಗುಂಪಿನೊಳಗೆ ಹೇಳುತ್ತಾಳೆ. ಈ ದಾರಿಯಲ್ಲೂ ಅಪಾಯವಿದೆ. ಗುಂಪಿನ ಜೋರುಬಾಯಿಯವರು ಎಲ್ಲ ತಾವೇ ಬರೆದು ಉಳಿದವರ ಹೆಸರು ಸೇರಿಸುತ್ತಾರೆ. ಬರೆಯುವವರನ್ನು ಪ್ರತಿ ವಾರ ಬದಲಿಸುತ್ತಿರಿ.

ಜೊತೆಗೆ ಹೋದ ವರ್ಷ ಇದೇ ದಾರಿ ದಾಟಿದ ಒಬ್ಬ ಸೀನಿಯರ್ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ವರ್ಷ ಎಲ್ಲರಿಗೂ ತಾನು ಇಲ್ಲಿಗೆ ಸೇರಿದವನಲ್ಲ ಎನಿಸುತ್ತದೆ, ಅದು ಕಾಲಕ್ರಮದಲ್ಲಿ ಕಡಿಮೆಯಾಗುತ್ತದೆ ಎಂದು ಹಿರಿಯ ವಿದ್ಯಾರ್ಥಿಗಳ ಅನುಭವದ ಮೂಲಕ ತಿಳಿಸಿದ್ದಷ್ಟಕ್ಕೇ ಕಪ್ಪು ವಿದ್ಯಾರ್ಥಿಗಳ ಅಂಕ ಮುಂದಿನ ವರ್ಷಗಳಲ್ಲಿ ಏರಿತು. ಆದರೆ 2023ರಲ್ಲಿ 22 ಕಾಲೇಜುಗಳಲ್ಲಿ ಇದನ್ನೇ ಪರೀಕ್ಷಿಸಿದಾಗ ಇನ್ನೊಂದು ಅಂಶ ಹೊರಬಿತ್ತು. ಸೇರಿಕೊಳ್ಳಲು ನಿಜವಾದ ಅವಕಾಶವಿರುವ ಕಾಲೇಜಿನಲ್ಲಿ ಮಾತ್ರ ಆ ಮಾತು ಕೆಲಸ ಮಾಡುತ್ತದೆ. ಬರೀ ಧೈರ್ಯ ತುಂಬಿ, ಕಾಲೇಜು ಹಿಂದಿನ ಹಾಗೇ ಇದ್ದರೆ ಪ್ರಯೋಜನವಿಲ್ಲ. ಸೀನಿಯರ್ ಆರಿಸುವಾಗ ರ್‍ಯಾಂಕ್ ಬಂದವರನ್ನು ಬಿಟ್ಟುಬಿಡಿ. ಮೊದಲ ಸೆಮಿಸ್ಟರಿನಲ್ಲಿ ಒಂದೆರಡು ವಿಷಯ ಬ್ಯಾಕ್ ಉಳಿಸಿಕೊಂಡು ಆಮೇಲೆ ಪಾಸು ಮಾಡಿಕೊಂಡ ಹುಡುಗಿಯ ಮಾತಿಗೆ ಬೆಲೆ ಹೆಚ್ಚು.

ಮನೆಗೆ ಹೋಗುವ ವಿಚಾರ. ಹೋಗಬಹುದು, ಆದರೆ ಅವಳನ್ನು ಕೇಳಿಯೇ ಹೋಗಿ. ಕಾಲೇಜಿನ ಸಾರು ಹಾಡಿಗೆ ಬಂದರೆಂದರೆ ಅಪ್ಪನಿಗೆ ಮೊದಲು ಹೊಳೆಯುವುದು ಮಗಳು ಏನೋ ಮಾಡಿಕೊಂಡಿದ್ದಾಳೆ ಎಂದೇ. ಹಾಡಿಯ ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗಿಟ್ಟುಕೊಂಡು, ದೂರಿನ ಮಾತು ಎತ್ತದೆ, ಸ್ಕಾಲರ್‌ಶಿಪ್ ಕಾಗದದ ನೆಪದಲ್ಲಿ ಹೋಗಿ. ಲೈನ್ ಮನೆಯಾದರೆ ಇನ್ನೊಂದು ಎಚ್ಚರ ಬೇಕು. ಮನೆ ತೋಟದವರದ್ದು, ತೋಟದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಅಲ್ಲಿ ವಾಸ. ಮುಂಗಡ ಸಾಲವೂ ಇರಬಹುದು. ಕುಯ್ಲಿನ ಹೊತ್ತಿಗೆ ಮಗಳನ್ನು ಕಳಿಸಲ್ಲ ಎಂದು ಆ ಅಪ್ಪ ನಿಮ್ಮೆದುರು ಒಪ್ಪಿಕೊಂಡರೂ ಮರುದಿನ ತೋಟದ ಲೆಕ್ಕ ನೋಡುವ ರೈಟರ್ ಎದುರು ನಿಲ್ಲಬೇಕಾದವನು ಅವನೇ.

ಆದ್ದರಿಂದ ‘ಕಾಫಿಗೆ ಕಳಿಸಬೇಡಿ’ ಎಂದು ಉಪದೇಶ ಮಾಡಬೇಡಿ. ಕೆ.ಜಿ. ಲೆಕ್ಕದ ಕೂಲಿಯಿಂದ ವರ್ಷದಲ್ಲಿ ಹೆಚ್ಚು ದುಡ್ಡು ಕಾಣುವ ತಿಂಗಳುಗಳು ಅವು. ಭಾನುವಾರ, ರಜೆಯ ದಿನ, ಸೆಮಿಸ್ಟರ್ ನಡುವಿನ ಬಿಡುವಿನಲ್ಲಿ ಹೋಗಲಿ, ಪಾಠದ ದಿನ ಬರಲಿ ಎಂದು ಅವಳ ಜೊತೆ ಕೂತು ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿ. ಸಾಮಾನ್ಯವಾಗಿ ಶೇ 75 ಹಾಜರಿ ಬೇಕು. ಅಂದರೆ ಅವಳ ಕೈಯಲ್ಲಿ ಇನ್ನೆಷ್ಟು ದಿನ ಉಳಿದಿದೆ ಎಂಬುದನ್ನು ಅಂಕಿಯಲ್ಲೇ ತೋರಿಸಿ. ಗೊತ್ತಿದ್ದರೆ ಈ ಮಕ್ಕಳು ಆ ದಿನಗಳನ್ನು ಜೋಪಾನವಾಗಿ ಖರ್ಚು ಮಾಡುತ್ತಾರೆ. ಗೊತ್ತಿಲ್ಲದಿದ್ದರೆ ಹದಿನೈದು ದಿನ ತಪ್ಪಿದ ಮೇಲೆ ‘ಇನ್ನು ಹೋದರೆ ಸಾರು ಬೈತಾರೆ’ ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಕಾಲೇಜು ಬಿಡುವ ಆಯ್ಕೆಯನ್ನೂ ಮುಚ್ಚಿಡಬೇಡಿ. ಕೆಲವರಿಗೆ ಬಿ.ಎ. ಬೇಕಾಗಿಯೇ ಇರುವುದಿಲ್ಲ, ಹತ್ತಿರದಲ್ಲಿ ಸೀಟು ಸಿಕ್ಕಿತೆಂದು ಸೇರಿರುತ್ತಾರೆ. ಐಟಿಐ, ನರ್ಸಿಂಗ್ ಬೇಕೆನ್ನುವವರಿಗೆ ಮುಂದಿನ ಪ್ರವೇಶ ಯಾವಾಗ ಎಂದು ಹೇಳಿ ಕಳಿಸುವುದು ಸೋಲಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕಟ್ಟಿಸಿ ಎಂದು ಯಾರಾದರೂ ಸಲಹೆ ಕೊಡುತ್ತಾರೆ. ದುಡಿಯುತ್ತಾ ಓದುವ ಛಲವಿರುವವರಿಗೆ ಅದು ಸರಿ. ಆದರೆ ಒಂಟಿತನವೇ ರೋಗವಾಗಿರುವ ಹುಡುಗಿಗೆ ಒಂಟಿಯಾಗಿ ಓದುವ ಕೋರ್ಸನ್ನು ನಾನು ಹೇಳಲಾರೆ.

ಮಾತು ನಿಲ್ಲಿಸಿರುವುದರ ಹಿಂದೆ ಬೇರೆಯೇ ಕಾರಣವಿದ್ದರೆ ಮೇಲಿನದ್ಯಾವುದೂ ಸಾಲದು. ಊಟ ಬಿಟ್ಟಿದ್ದರೆ, ನಿದ್ದೆಯಿಲ್ಲದಿದ್ದರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಂದರೆ ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಜಾತಿ ಹಿಡಿದು ಯಾರಾದರೂ ಆಡಿಕೊಳ್ಳುತ್ತಿದ್ದರೆ ಅದು ಹೊಂದಾಣಿಕೆಯ ಪ್ರಶ್ನೆಯಲ್ಲ. ಯುಜಿಸಿಯ 2012ರ ನಿಯಮಾವಳಿಯೇ ಕಾಲೇಜಿನಲ್ಲಿ ಸಮಾನ ಅವಕಾಶ ಘಟಕವಿರಬೇಕು ಎಂದಿತು. ಅತಿಥಿ ಉಪನ್ಯಾಸಕರಾದ ನಿಮ್ಮ ಕೆಲಸಕ್ಕೇ ಭದ್ರತೆಯಿಲ್ಲ, ನನಗೆ ಗೊತ್ತು. ಇಂಥದ್ದನ್ನು ಒಬ್ಬರೇ ಹೊರಬೇಡಿ, ಪ್ರಾಂಶುಪಾಲರಿಗೆ ಬರಹದಲ್ಲಿ ಕೊಡಿ.

ನಿಮಗಿರುವ ಸಮಯದಲ್ಲಿ ಇದೆಲ್ಲ ಆಗುವುದಿಲ್ಲ. ಅಕ್ಟೋಬರ್ ಮುಗಿಯುವುದರೊಳಗೆ ಮೊದಲು ಕಾಗದ, ಆಮೇಲೆ ಗುಂಪು, ಪಾಠ ಕೊನೆಗೆ. ಬಹಳ ಜನ ಪಾಠದಿಂದ ಶುರುಮಾಡಿ ಅಲ್ಲೇ ಸುಸ್ತಾಗುತ್ತಾರೆ. ಅವಳ ‘ಆಗಲ್ಲ ಸಾರ್’ಗೆ ‘ಆಗುತ್ತಮ್ಮ, ಧೈರ್ಯವಾಗಿರು’ ಎನ್ನಬೇಡಿ. ‘ಯಾವುದು ಆಗಲ್ಲ? ಬಸ್ಸಾ, ದುಡ್ಡಾ, ಬರೆಯೋದಾ?’ ಎಂದು ಕೇಳಿ, ಕೇಳಿದ ಮೇಲೆ ಉತ್ತರ ಬರುವವರೆಗೆ ಸುಮ್ಮನಿರಿ.

ಬಿಟ್ಟುಹೋದ ಮೂವರ ವಿಷಯದಲ್ಲಿ ಕಾಲೇಜಿನಿಂದ ಪತ್ರ ಹಾಕಿಸಬೇಡಿ, ಸರ್ಕಾರಿ ಲಕೋಟೆ ಕಂಡರೆ ಫೀಸು ಕೇಳಿದ್ದಾರೆ ಎಂದೇ ಹೆದರುತ್ತಾರೆ. ನಿಮ್ಮ ಹುಡುಗಿಯ ಮೂಲಕವೋ ಬೇರೆ ಗೆಳೆಯರ ಮೂಲಕವೋ ‘ಹೆಸರು ಇನ್ನೂ ತೆಗೆದಿಲ್ಲ, ಬಂದರೆ ಸಾರು ಏನೂ ಕೇಳಲ್ಲ’ ಎಂದು ಹೇಳಿ ಕಳಿಸಿ. ಪರೀಕ್ಷಾ ಅರ್ಜಿಗೆ ಕೊನೆಯ ದಿನ ಯಾವುದು ಎಂದು ಕಚೇರಿಯಲ್ಲಿ ಕೇಳಿ, ಅದರೊಳಗೆ ಬಂದವರಿಗೆ ಹಾಜರಿ ಸರಿದೂಗಿಸಲು ಏನಾದರೂ ದಾರಿಯಿದೆಯೇ ನೋಡಿ. ಈ ವರ್ಷ ಸಾಧ್ಯವೇ ಇಲ್ಲದಿದ್ದರೆ ಮುಂದಿನ ವರ್ಷ ಮರುಪ್ರವೇಶ ಕೇಳಬಹುದು. ಅವರ ಮೂಲ ಅಂಕಪಟ್ಟಿ ಕಾಲೇಜಿನಲ್ಲೇ ಉಳಿದಿದೆಯೇ ಎಂದೂ ವಿಚಾರಿಸಿ. ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಸೂಚಿಸಿದೆ. ಅಂಕಪಟ್ಟಿ ಕೇಳಲು ಬರುವುದಕ್ಕೇ ಅಂಜಿ ಐಟಿಐ ಸೀಟನ್ನೂ ಬಿಟ್ಟವರನ್ನು ನಾನು ಬಲ್ಲೆ.